ಹಿತ್ತಿಲಿನ ಹಳೆಯ ಗುಂಡಿಯನ್ನು ತೋಡಿಸಬಹುದೆ?

ಪ್ರಿಯ ಓದುಗರೇ,

ಫಿಲಡೆಲ್ಫಿಯಾದಿಂದ ನೀವು ಬರೆದ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಕೊಂಡಿರುವ ಮನೆ 1840ರ ದಶಕದ್ದು. ಸಾಲುಮನೆ, ಹಿಂದೆ ಕಿರಿದಾದ ಹಿತ್ತಿಲು. ಗಿಡ ನೆಡಲು ಅಗೆದಾಗ ಗಾಜಿನ ಪುಟ್ಟ ಸೀಸೆಯೊಂದು ಸಿಕ್ಕಿತು. ಅದನ್ನು ಕಂಡ ನೆರೆಮನೆಯವರು, ಅಲ್ಲಿ ಹಳೆಯ ಕಕ್ಕಸು ಗುಂಡಿ ಇದ್ದೇ ಇರಬೇಕೆಂದೂ, ತಾವು ಗೆಳೆಯರೊಂದಿಗೆ ಬಂದು ಒಂದೇ ಶನಿವಾರದಲ್ಲಿ ಅದನ್ನು ತಳದವರೆಗೆ ತೋಡಿಕೊಡುವುದಾಗಿಯೂ, ಸಿಕ್ಕಿದ್ದನ್ನು ಸಮಪಾಲು ಮಾಡಿಕೊಳ್ಳೋಣವೆಂದೂ ಹೇಳಿದ್ದಾರೆ. ವಿಷಯ ತಿಳಿದ ನಿಮ್ಮ ತಾಯಿಯವರು ಫೋನಿನಲ್ಲಿ "ಕಕ್ಕಸು ಗುಂಡಿ ಬಗೆಯೋದಕ್ಕೆ ಅಷ್ಟು ದೂರ ಹೋಗಬೇಕಿತ್ತೇನಪ್ಪ" ಎಂದರಂತೆ. ತೋಡಿಸಬಹುದೆ, ಅದು ಕೊಳ್ಳೆಗೆ ಸಮವಾಗುತ್ತದೆಯೆ, ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ನಿಮ್ಮ ತಾತನವರು ವಾಸವಿದ್ದ ಗಣಿ ಕ್ವಾರ್ಟರ್ಸಿನ ಹಿಂದೆಯೂ ಹೀಗೆಯೇ ಹುಡುಕಬಹುದೆ ಎಂದು ಕೇಳಿದ್ದೀರಿ.

ನಿಮ್ಮ ತಾಯಿಯವರ ಮಾತಿನಲ್ಲಿರುವ ಅಸಹ್ಯ ಸಹಜವಾದದ್ದೇ. ಆದರೆ ನೂರೈವತ್ತು ವರ್ಷಗಳಲ್ಲಿ ಆ ಮಲವೆಲ್ಲ ಕಪ್ಪು ಮಣ್ಣಾಗಿರುತ್ತದೆ. ಸಾಮಾನ್ಯವಾಗಿ ವಾಸನೆಯೂ ಉಳಿದಿರುವುದಿಲ್ಲ. ಅಮೆರಿಕದ ಪೂರ್ವ ಕರಾವಳಿಯ ನಗರಗಳಲ್ಲಿ ಒಳಚರಂಡಿ ಬರುವುದಕ್ಕೆ ಮುಂಚೆ ಪ್ರತಿ ಮನೆಯ ಹಿಂದೆಯೂ ಇಂಥದೊಂದು ಗುಂಡಿ ಇರುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಅದು ಬಾವಿಯಂತೆ ದುಂಡಗೆ, ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆಯ ಗೋಡೆಯೊಂದಿಗೆ, ಕೆಲವೆಡೆ ಇಪ್ಪತ್ತು ಅಡಿಗೂ ಆಳಕ್ಕೆ ಇಳಿದಿರುತ್ತಿತ್ತು. ದ್ರವವೆಲ್ಲ ಇಟ್ಟಿಗೆಯ ಸಂದಿನಿಂದ ಸುತ್ತಲ ನೆಲಕ್ಕೆ ಇಂಗಿಹೋಗಲಿ ಎಂಬುದು ಆ ಕಟ್ಟಡದ ಉದ್ದೇಶ. ಅದೇ ಹಿತ್ತಿಲಿನಲ್ಲಿ ಕುಡಿಯುವ ನೀರಿನ ಬಾವಿಯೂ ಇರುತ್ತಿತ್ತೆಂಬುದನ್ನು ನೆನೆದರೆ ಆ ಕಾಲದ ಜನ ಹೊಟ್ಟೆಯ ಬೇನೆಗಳಿಂದ ಅಷ್ಟೊಂದು ನರಳಿದ್ದೇಕೆಂದು ಬೇರೆ ಹೇಳಬೇಕಾಗಿಲ್ಲ. 1793ರ ಹಳದಿ ಜ್ವರದಲ್ಲಿ ಸುಮಾರು ಐದು ಸಾವಿರ ಜನರನ್ನು ಕಳೆದುಕೊಂಡ ಮೇಲೆ ಆ ನಗರ 1801ರಲ್ಲಿ ನಲ್ಲಿ ನೀರಿನ ವ್ಯವಸ್ಥೆಯನ್ನು ಆರಂಭಿಸಿತು, 1815ರಲ್ಲಿ ಅದನ್ನು ಫೇರ್‌ಮೌಂಟಿನ ಹೊಸ ನೀರಿನ ಸ್ಥಾವರಕ್ಕೆ ವರ್ಗಾಯಿಸಿತು. ನಲ್ಲಿ ಬಂದಂತೆ ಎಷ್ಟೋ ಬಾವಿಗಳು ಕಸದ ಗುಂಡಿಗಳಾದವು, ಒಳಚರಂಡಿ ಬಂದಂತೆ ಕಕ್ಕಸು ಗುಂಡಿಗಳೂ ಹಾಗೆಯೇ ತುಂಬಿ ಮುಚ್ಚಿಹೋದವು.

ಕಸ ಒಯ್ಯುವ ಗಾಡಿ ದಿನವೂ ಬಾಗಿಲಿಗೆ ಬಾರದ ಕಾಲದಲ್ಲಿ ಒಡೆದ ತಟ್ಟೆ, ಮೂಳೆ, ಸಿಂಪಿಚಿಪ್ಪು, ಮುರಿದ ಮಣ್ಣಿನ ಚಿಲುಮೆ, ಖಾಲಿ ಔಷಧಿ ಸೀಸೆ, ಎಲ್ಲವೂ ಹಿತ್ತಿಲಿನ ಗುಂಡಿಗೇ ಬೀಳುತ್ತಿದ್ದವು. ಬೇಕೆಂದೇ ಹಾಕಿದ್ದು ಕೆಲವು, ಜೇಬಿನಿಂದ ಜಾರಿ ಬಿದ್ದ ನಾಣ್ಯ, ಅಂಗಿಯಿಂದ ಕಿತ್ತುಬಂದ ಗುಂಡಿ, ಮಕ್ಕಳ ಗೋಲಿ ಕೆಲವು. ಮನೆಯವರ ಕಣ್ಣಿಗೆ ಬೀಳಬಾರದೆಂದು ಗುಟ್ಟಾಗಿ ಎಸೆದದ್ದೂ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜೀರ್ಣಶಕ್ತಿಗೆಂದು ಮಾರುತ್ತಿದ್ದ ಕಹಿ ಟಾನಿಕ್ಕುಗಳಲ್ಲಿ ಮದ್ಯಸಾರ ಧಾರಾಳವಾಗಿರುತ್ತಿತ್ತು. ಹಲ್ಲು ಬರುವ ಮಗುವನ್ನು ಸುಮ್ಮನಿರಿಸುವುದಕ್ಕೆಂದು ಮಾರುತ್ತಿದ್ದ ವಿನ್ಸ್‌ಲೋ ಸಿರಪ್ಪಿನಲ್ಲಿ ಮಾರ್ಫಿನ್ನೇ ಇತ್ತು. ಇಂಥ ಅಪಾಯಕಾರಿ ವಸ್ತುಗಳ ಹೆಸರನ್ನು ಚೀಟಿಯ ಮೇಲೆ ನಮೂದಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 1906ರಲ್ಲಿ. ಹೆಂಡವನ್ನು ಬಹಿರಂಗವಾಗಿ ದೂರುತ್ತಿದ್ದ ಸಂಭಾವಿತ ಕುಟುಂಬದ ಗುಂಡಿಯಲ್ಲಿ ಟಾನಿಕ್ಕಿನ ಸೀಸೆಗಳು ಸಾಲಾಗಿ ಸಿಕ್ಕರೆ ಅದರಿಂದ ತಿಳಿಯುವ ಸಂಗತಿ ಆ ಮನೆಯವರು ಬರೆದಿಟ್ಟ ದಿನಚರಿಯಲ್ಲಿ ಇರಲಾರದು.

ನಿಮ್ಮ ನೆರೆಯವರಂಥ ಹವ್ಯಾಸಿಗಳು ಕೆಲಸ ಮಾಡುವ ಕ್ರಮದಲ್ಲಿ ನಿಜವಾದ ಕುಶಲತೆಯಿದೆ. ಬೆಂಕಿ ವಿಮೆಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ತಯಾರಾದ ಸ್ಯಾನ್‌ಬಾರ್ನ್ ಕಂಪನಿಯ ನಕ್ಷೆಗಳಲ್ಲಿ ಹಿತ್ತಿಲಿನ ಸಣ್ಣಪುಟ್ಟ ಕಟ್ಟಡಗಳೂ ಗುರುತಾಗಿರುತ್ತವೆ. ಅವುಗಳನ್ನು ನೋಡಿ, ನಿವೇಶನದ ಹಿಂದಿನ ಗಡಿಯುದ್ದಕ್ಕೂ ಉದ್ದನೆಯ ಉಕ್ಕಿನ ಸಲಾಕೆಯನ್ನು ನೆಲಕ್ಕೆ ಚುಚ್ಚುತ್ತ ಹೋಗುತ್ತಾರೆ. ಗಟ್ಟಿ ನೆಲದಲ್ಲಿ ನಿಲ್ಲುವ ಸಲಾಕೆ ತುಂಬಿದ ಗುಂಡಿಯ ಮೇಲೆ ಸಲೀಸಾಗಿ ಇಳಿಯುತ್ತದೆ. ಬೂದಿ ಸಿಕ್ಕರೆ, ಇಟ್ಟಿಗೆ ಸಿಕ್ಕರೆ, ಗಾಜು ಸಿಕ್ಕರೆ ಕೈಗೆ ಬೇರೆಬೇರೆ ಬಗೆಯ ಅದುರು ತಿಳಿಯುತ್ತದಂತೆ. ಆಮೇಲೆ ಟಾರ್ಪಾಲು ಹಾಸಿ, ಮಣ್ಣನ್ನು ಅದರ ಮೇಲೆಯೇ ಸುರಿದು, ಮುಕ್ಕಾಲಿಗೆ ರಾಟೆ ಕಟ್ಟಿ ಬಕೆಟ್ಟಿನಲ್ಲಿ ಎಳೆಯುತ್ತ, ಸಂಜೆಗೆ ಎಲ್ಲವನ್ನೂ ಹಿಂದಕ್ಕೆ ತುಂಬಿ ಹುಲ್ಲು ಹಾಸಿಬಿಡುತ್ತಾರೆ.

ಹಿಂದಕ್ಕೆ ತುಂಬಿದ ಮಣ್ಣಿನಲ್ಲಿ ಮೊದಲಿನ ಪದರಗಳು ಇರುವುದಿಲ್ಲ ಎಂಬುದೇ ನನ್ನ ತಕರಾರು. ಮೇಲೆ ಇಟ್ಟಿಗೆ ಚೂರು ಮತ್ತು ಒಲೆಯ ಬೂದಿ, ಅದರ ಕೆಳಗೆ ಗುಂಡಿ ಮುಚ್ಚುವಾಗ ಒಂದೇ ಸಲಕ್ಕೆ ಸುರಿದ ಮನೆಯ ಕಸ, ಎಲ್ಲಕ್ಕಿಂತ ಕೆಳಗೆ ಗುಂಡಿ ಬಳಕೆಯಲ್ಲಿದ್ದಾಗ ಕೂಡಿದ ಕಪ್ಪಾದ ಮೆದು ಪದರ: ಸ್ಥೂಲವಾಗಿ ಇದು ಕ್ರಮ. ಆ ಕಪ್ಪು ಪದರದ ಒಂದು ಹಿಡಿಯನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಿದರೆ ರಾಸ್‌ಬೆರಿ, ಅಂಜೂರ, ಟೊಮೆಟೊಗಳ ಬೀಜಗಳು ಉಳಿಯುತ್ತವೆ. ಅವು ಮನುಷ್ಯರ ಹೊಟ್ಟೆಯನ್ನು ಹಾದು ಬಂದವು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಜಂತುಹುಳುವಿನ ಮೊಟ್ಟೆಗಳ ಚಿಪ್ಪು ಕೂಡ ಕಾಣುತ್ತದೆ. ಆ ಮನೆಯವರು ಏನು ತಿಂದರು, ಯಾವ ಹುಳುವಿನಿಂದ ನರಳಿದರು, ಅದಕ್ಕೆ ಯಾವ ಔಷಧಿ ಕೊಂಡರು ಎಂಬುದು ಒಂದರ ಪಕ್ಕದಲ್ಲಿ ಒಂದು ಕುಳಿತಿರುತ್ತದೆ. ಸೀಸೆಗಾಗಿ ಅವಸರದಿಂದ ಬಗೆಯುವವರ ಬಕೆಟ್ಟಿನಲ್ಲಿ ಈ ಮಣ್ಣು ಬರೀ ಅಡ್ಡಿಯಾಗಿ ಹೊರಗೆ ಹೋಗುತ್ತದೆ.

ಅದೇ ನಗರದ ಒಂದು ಉದಾಹರಣೆ ನಿಮಗೆ ಹತ್ತಿರದ್ದು. 2017ರಲ್ಲಿ ತೆರೆದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯದ ಕಟ್ಟಡಕ್ಕೆ ಪಾಯ ತೆಗೆಯುವ ಮುನ್ನ ಪುರಾತತ್ತ್ವಜ್ಞರು ಆ ನಿವೇಶನದ ಹಳೆಯ ಗುಂಡಿ ಮತ್ತು ಬಾವಿಗಳನ್ನು ಪದರಪದರವಾಗಿ ಬಿಡಿಸಿದರು. ಒಂದು ಮನೆಯ ಹಿಂದಿನ ಗುಂಡಿಯಲ್ಲಿ ಕುಟುಂಬವೊಂದಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಲೋಟ, ಹೂಜಿ, ಪಾನದ ಬೋಗುಣಿ, ಚಿಲುಮೆಗಳು ಒಟ್ಟಿಗೆ ಸಿಕ್ಕವು. ಒಂದೊಂದನ್ನೇ ನೋಡಿದ್ದರೆ ಅವು ಹಳೆಯ ಪಿಂಗಾಣಿಯ ಚೂರುಗಳು, ಅಷ್ಟೆ. ಒಂದೇ ಗುಂಡಿಯಲ್ಲಿ ಒಟ್ಟಿಗಿದ್ದುದರಿಂದಲೇ ಅಲ್ಲಿ ಪರವಾನಗಿಯಿಲ್ಲದ ಪಾನಗೃಹ ನಡೆಯುತ್ತಿತ್ತೆಂಬುದು ಹಳೆಯ ನ್ಯಾಯಾಲಯದ ದಾಖಲೆಯೊಂದಿಗೆ ತಾಳೆಯಾಯಿತು. ಅಲ್ಲಿ ಸಿಕ್ಕ ಬೋಗುಣಿಯೊಂದರಲ್ಲಿ ಹಡಗಿನ ಚಿತ್ರವೂ, ಟ್ರೈಫೀನಾ ಎಂಬ ಆ ಹಡಗಿಗೆ ಜಯವಾಗಲಿ ಎಂಬ ಬರಹವೂ ಇವೆ.

ನಿಮ್ಮ ನೆರೆಯವರು ಇದಕ್ಕೆ ಏನು ಹೇಳುತ್ತಾರೆಂದು ನಾನು ಊಹಿಸಬಲ್ಲೆ: ಪುರಾತತ್ತ್ವಜ್ಞರು ಸಾಮಾನ್ಯನ ಹಿತ್ತಿಲಿಗೆ ಎಂದೂ ಬರುವುದಿಲ್ಲ, ನಾವು ತೆಗೆಯದಿದ್ದರೆ ನಾಳೆ ಜೆಸಿಬಿ ತೆಗೆಯುತ್ತದೆ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಖಾಸಗಿ ನಿವೇಶನದಲ್ಲಿ ಬಹುಮಹಡಿ ಕಟ್ಟಡ ಏಳುವಾಗ ಎಷ್ಟೋ ಗುಂಡಿಗಳು ಒಂದು ಬೆಳಗಿನಲ್ಲಿ ಲಾರಿ ಸೇರುತ್ತವೆ, ಅವುಗಳಿಂದ ಏನಾದರೂ ಉಳಿದಿದ್ದರೆ ಇಂಥ ಹವ್ಯಾಸಿಗಳ ದೆಸೆಯಿಂದಲೇ. ವಿದ್ವಾಂಸರ ಕೈಸೇರಿದ್ದೆಲ್ಲ ಸುರಕ್ಷಿತ ಎಂದೂ ಹೇಳುವಂತಿಲ್ಲ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಬಡವರ ಕೇರಿಯಲ್ಲಿ 1991ರಲ್ಲಿ ನ್ಯಾಯಾಲಯದ ಕಟ್ಟಡಕ್ಕಾಗಿ ನಡೆದ ಉತ್ಖನನದಲ್ಲಿ, ಬಹುಪಾಲು ಇಂಥ ಗುಂಡಿಗಳಿಂದಲೇ, ಸುಮಾರು ಎಂಟೂವರೆ ಲಕ್ಷ ವಸ್ತುಗಳು ದೊರೆತವು. ಅವನ್ನು ವರ್ಲ್ಡ್ ಟ್ರೇಡ್ ಸೆಂಟರಿನ ಆರನೆಯ ಕಟ್ಟಡದ ನೆಲಮಾಳಿಗೆಯಲ್ಲಿ ಇರಿಸಿದ್ದರು. 2001ರ ಸೆಪ್ಟೆಂಬರ್ 11ರಂದು, ಪ್ರದರ್ಶನಕ್ಕೆಂದು ಬೇರೆಡೆ ಕೊಟ್ಟಿದ್ದ ಹದಿನೆಂಟು ವಸ್ತುಗಳ ಹೊರತು, ಎಲ್ಲವೂ ನಾಶವಾದವು. ಆದರೂ ಕಳ್ಳಕಾಕರ ಕೊಂಪೆಯೆಂದು ಹೆಸರು ಕೆಟ್ಟಿದ್ದ ಆ ಕೇರಿಯಲ್ಲಿ ದುಡಿಯುವ ಕುಟುಂಬಗಳು ಒಳ್ಳೆಯ ಟೀ ಬಟ್ಟಲುಗಳನ್ನಿಟ್ಟುಕೊಂಡು ಸಂಸಾರ ನಡೆಸುತ್ತಿದ್ದವೆಂಬುದು ಇಂದಿಗೂ ನಮಗೆ ಗೊತ್ತು. ಯಾವುದು ಯಾವ ಮನೆಯ ಯಾವ ಪದರದಲ್ಲಿ ಸಿಕ್ಕಿತೆಂಬ ಟಿಪ್ಪಣಿಗಳು ಉಳಿದಿದ್ದವು. ಕಪಾಟಿನಲ್ಲಿ ಸುರಕ್ಷಿತವಾಗಿರುವ, ಎಲ್ಲಿಂದ ಬಂತೆಂದು ಯಾರೂ ಬರೆದಿಡದ ಸೀಸೆಗಿಂತ ಪುಡಿಯಾದ ಆ ಟೀ ಬಟ್ಟಲುಗಳಿಂದ ನಮಗಾದ ಲಾಭ ದೊಡ್ಡದು.

ಹಾಗಾಗಿ ನನ್ನ ಉತ್ತರ: ನೆಲ ನಿಮ್ಮದು, ಅಲ್ಲಿಯ ಕಾನೂನಿನಂತೆ ಸ್ವಂತ ಹಿತ್ತಿಲನ್ನು ನೀವು ಅಗೆಯಬಹುದು, ಅದು ಕೊಳ್ಳೆಯಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಜಮೀನಿನಲ್ಲಾದರೆ, ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ತೆಗೆಯುವುದು 1979ರ ಕಾಯಿದೆಯ ಪ್ರಕಾರ ಅಪರಾಧ. ಆದರೆ ಒಂದೇ ಶನಿವಾರದ ಒಪ್ಪಂದಕ್ಕೆ ಒಪ್ಪಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗಕ್ಕೊಂದು ಪತ್ರ ಬರೆಯಿರಿ. ಅವರು ಬಾರದಿದ್ದರೆ, ಒಂದೊಂದು ಪದರಕ್ಕೂ ಬೇರೆ ಪುಟ್ಟಿ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಒಂದು ನೋಟುಪುಸ್ತಕ ಎಂಬ ಷರತ್ತಿನ ಮೇಲೆ ನೆರೆಯವರನ್ನು ಕರೆಯಿರಿ. ಒಡೆದ ಚೂರುಗಳನ್ನೂ ಬಿಡಬಾರದು. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಫೋನು ಮಾಡಿ ಗ್ಯಾಸು ಮತ್ತು ವಿದ್ಯುತ್ತಿನ ಮಾರ್ಗಗಳನ್ನು ಗುರುತು ಹಾಕಿಸಿಕೊಳ್ಳಿ. ಇನ್ನು ಆಳದ ವಿಷಯದಲ್ಲಿ ನಾನು ಹಟಮಾರಿ. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ, ಎದೆಮಟ್ಟ ಕುಸಿದರೂ ಉಸಿರಾಡಲಾಗದು. ಐದು ಅಡಿಗಿಂತ ಆಳದ ಕಂದಕದಲ್ಲಿ ಕುಸಿತ ತಡೆಯುವ ಆಸರೆಯಿಲ್ಲದೆ ಕೆಲಸಗಾರರನ್ನು ಇಳಿಸಬಾರದೆಂಬುದು ಅಲ್ಲಿಯ ಕಾರ್ಮಿಕ ಸುರಕ್ಷತೆಯ ನಿಯಮ. ಹವ್ಯಾಸಿಗಳಿಗೆ ಅದು ಅನ್ವಯಿಸದಿರಬಹುದು, ಮಣ್ಣಿಗೆ ಮಾತ್ರ ಆ ವ್ಯತ್ಯಾಸ ಗೊತ್ತಿಲ್ಲ. ದಪ್ಪ ಕೈಗವಸು ಹಾಕಿಕೊಳ್ಳುವುದನ್ನೂ, ಧನುರ್ವಾಯುವಿನ ಚುಚ್ಚುಮದ್ದನ್ನೂ ಮರೆಯಬೇಡಿ.

ಕೆಜಿಎಫ್‌ನ ವಿಚಾರಕ್ಕೆ ನನ್ನ ಉತ್ತರ ಬೇಡ ಎಂಬುದೇ. ಆ ಕ್ವಾರ್ಟರ್ಸಿನ ನೆಲ ನಿಮ್ಮದಲ್ಲ. ಕರ್ನಾಟಕದ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆ ಊರಿನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಗಳ, ಧೂಳಿನ ಬಗ್ಗೆ ನಿಮ್ಮ ತಾಯಿಯವರನ್ನೇ ಕೇಳಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ನೀವು ಹುಡುಕುವ ಬಗೆಯ ಗುಂಡಿ ಅಲ್ಲಿ ಸಿಗುವ ಸಂಭವವೇ ಕಡಿಮೆ. ಫಿಲಡೆಲ್ಫಿಯಾದ ಗುಂಡಿಗಳನ್ನು ಬಾಡಿಗೆ ಆಳುಗಳು ಯಾವಾಗಲೋ ಒಮ್ಮೆ ರಾತ್ರಿ ಹೊತ್ತು ಬಂದು ಬಳಿಯುತ್ತಿದ್ದರು, ತಳದಲ್ಲಿ ಅಷ್ಟಿಷ್ಟು ಉಳಿಯುತ್ತಿತ್ತು. ಗಣಿ ಕಾರ್ಮಿಕರ ಸಾಲುಮನೆಗಳಿಗಿದ್ದದ್ದು ಒಣ ಪಾಯಿಖಾನೆ. ಅದನ್ನು ದಿನದಿನವೂ ಕೈಯಿಂದ ಬಳಿದು ಹೊತ್ತೊಯ್ಯಲು ಹುಟ್ಟಿನಿಂದಲೇ ಗೊತ್ತುಮಾಡಿದ ಜನರಿದ್ದರು. ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಹುಟ್ಟಿದ್ದು ಕೆಜಿಎಫ್‌ನಲ್ಲಿ, ಅಂಥ ಕುಟುಂಬವೊಂದರಲ್ಲಿ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಇಂದಿಗೂ ಉಳಿದಿರುವ ಕನ್ಸರ್ವೆನ್ಸಿ ಗಲ್ಲಿಗಳು ಇದೇ ಕೆಲಸಕ್ಕೆ ಬಿಟ್ಟ ದಾರಿಗಳು. ಸೀಸೆಗಳಂತೂ ನಮ್ಮಲ್ಲಿ ಕಸವೇ ಆಗಿರಲಿಲ್ಲ. ಎಣ್ಣೆಗೋ ಸೀಮೆಎಣ್ಣೆಗೋ ಬಳಕೆಯಾಗಿ, ಆಮೇಲೆ ಗುಜರಿಯವನ ಚೀಲ ಸೇರುತ್ತಿದ್ದವು. ಅಲ್ಲಿ ಗುಂಡಿಯಲ್ಲಿ ಉಳಿದ ಚರಿತ್ರೆ ಇಲ್ಲಿ ಹೊತ್ತವರ ನೆನಪಿನಲ್ಲಿದೆ; ಬೇಸಿಗೆಯಲ್ಲಿ ಬಂದಾಗ ಸಲಾಕೆ ಬಿಟ್ಟು ರೆಕಾರ್ಡರ್ ಹಿಡಿದು, ಅಲ್ಲಿಯ ಹಿರಿಯರು ಒಪ್ಪಿದರೆ, ಅವರೊಂದಿಗೆ ಕುಳಿತುಕೊಳ್ಳಿ.

ಗೋಲಿ ಸೋಡಾ ಬಾಟಲಿ ಸಿಕ್ಕೀತೆ ಎಂದೂ ಕೇಳಿದ್ದೀರಿ. ಅದಕ್ಕೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಲಂಡನ್ನಿನ ಹೈರಮ್ ಕಾಡ್ 1872ರ ಹೊತ್ತಿಗೆ ರೂಪಿಸಿದ ಆ ಬಾಟಲಿ ಬ್ರಿಟನ್ನಿನಿಂದ ನಮ್ಮಲ್ಲಿಗೆ ಬಂದು ಬೇರೂರಿತು. ಅಮೆರಿಕದವರು ತಂತಿಯ ಬಿರಡೆಯನ್ನೂ, 1892ರಲ್ಲಿ ಪೇಟೆಂಟಾದ ತಗಡಿನ ಮುಚ್ಚಳವನ್ನೂ ಮೆಚ್ಚಿಕೊಂಡರು.

ಕೊನೆಗೆ, ನೀವು ಫೋಟೊ ಕಳಿಸಿದ ಸೀಸೆ. ತಳದಲ್ಲಿ ಒರಟಾದ ಬಳೆಯಂಥ ಗಾಯವಿದೆಯಲ್ಲ, ಅದು ಊದಿದ ಗಾಜನ್ನು ಹಿಡಿದುಕೊಳ್ಳಲು ಅಂಟಿಸಿದ ಕಬ್ಬಿಣದ ಸಲಾಕೆಯನ್ನು ಮುರಿದು ತೆಗೆದ ಗುರುತು; 1860ರ ದಶಕದ ಹೊತ್ತಿಗೆ ಆ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು. ಅಚ್ಚಿನ ಗೆರೆ ಪಕ್ಕದಲ್ಲಿ ಏರಿ ಕತ್ತಿನಲ್ಲೇ ನಿಂತಿದೆ, ಬಾಯಿಯ ತುಟಿಯನ್ನು ಕೈಯಿಂದ ಕೂಡಿಸಿದ್ದಾರೆ. 1903ರ ಸುಮಾರಿಗೆ ಬಾಟಲಿ ತಯಾರಿಸುವ ಓವೆನ್ಸನ ಯಂತ್ರ ಬಂದ ಮೇಲಿನ ಬಾಟಲಿಗಳಲ್ಲಿ ಈ ಗೆರೆ ತುಟಿಯನ್ನೂ ದಾಟಿ ಹೋಗಿರುತ್ತದೆ. ತಿಳಿ ನೀಲಿಹಸಿರು ಬಣ್ಣ ಮರಳಿನಲ್ಲಿದ್ದ ಕಬ್ಬಿಣದ ಅಂಶದ್ದು. ಆದ್ದರಿಂದ ಅದು ನಿಮ್ಮ ಮನೆಯ ಮೊದಲ ಒಕ್ಕಲಿನವರ ಕಾಲದ್ದೇ ಇರಬಹುದು. ಮೇಲ್ಮೈಯಲ್ಲಿ ಕಾಮನಬಿಲ್ಲಿನಂತೆ ಹೊಳೆಯುವ ಪೊರೆಯನ್ನು ಆಮ್ಲ ಹಾಕಿ ತಿಕ್ಕಿ ತೆಗೆಯಬೇಕೆಂದಿದ್ದೀರಿ. ಹಾಗೆ ಮಾಡಬೇಡಿ. ಅದು ಕೊಳೆಯಲ್ಲ, ಮಣ್ಣಿನ ತೇವ ಗಾಜಿನೊಳಗಿನ ಕ್ಷಾರವನ್ನು ನಿಧಾನವಾಗಿ ಹೀರಿಕೊಂಡು ಪದರುಪದರಾಗಿಸಿರುವ ಗಾಜೇ ಅದು. ಉಗುರುಬೆಚ್ಚಗಿನ ನೀರಿಗಿಂತ ಹೆಚ್ಚಿನದೇನೂ ಅದಕ್ಕೆ ತಾಗದಿರಲಿ, ಒಳಗೆ ಅಂಟಿರುವ ಕಪ್ಪು ಮಣ್ಣನ್ನು ಚೆಲ್ಲದೆ ಒಂದು ಪೊಟ್ಟಣದಲ್ಲಿ ಕಟ್ಟಿ, ಎಷ್ಟು ಆಳದಲ್ಲಿ, ಗೋಡೆಯಿಂದ ಎಷ್ಟು ದೂರದಲ್ಲಿ ಸಿಕ್ಕಿತೆಂದು ಅದರ ಮೇಲೆ ಬರೆದಿಡಿ.

- ಸಂ.