ಕನ್ನಡ ಮೇಷ್ಟ್ರನ್ನ ಕೇಳಿ: ರಾಗಿ ಕೊಯ್ಲಿನ ಕಾಲಕ್ಕೆ ಕ್ಲಾಸಲ್ಲಿ ಏನ್ ಬರೆಸೋದು?

ಪ್ರಶ್ನೆ: ಸರ್, ಚಿಂತಾಮಣಿ ತಾಲ್ಲೂಕಿನ ಒಂದು ಶಾಲೇಲಿ 6ರಿಂದ 8ನೇ ಕ್ಲಾಸಿಗೆ ಕನ್ನಡ ತಗೋತೀನಿ. ದಸರಾ ರಜ ಮುಗಿಸ್ಕೊಂಡು ಬಂದ ಮಕ್ಕಳನ್ನ ಮತ್ತೆ ಬರವಣಿಗೆಗೆ ಕೂರ್ಸೋದು ಕಷ್ಟ ಆಗಿದೆ. ಶರತ್ಕಾಲದ ಆಕ್ಟಿವಿಟಿ ಅಂತ ನೆಟ್ಟಲ್ಲಿ ಹುಡುಕಿದ್ರೆ ಕೆಂಪು ಮೇಪಲ್ ಎಲೆ, ಕುಂಬಳಕಾಯಿ ಇರೋ ವರ್ಕ್‌ಶೀಟೇ ಬರುತ್ತೆ. ಪ್ರಿಂಟ್ ತೆಗೆದು ಕೊಟ್ಟೆ, ಎಲ್ರೂ ಒಂದೇ ಥರ ನಾಲ್ಕು ಸಾಲು ಬರ್ದು ಕೊಟ್ರು. ಏನ್ಮಾಡ್ಲಿ?
(ಶಿಕ್ಷಕಿ, ಚಿಂತಾಮಣಿ ತಾಲ್ಲೂಕು)

ಉತ್ತರ: ಮೇಡಂ, ಮಕ್ಕಳದ್ದು ತಪ್ಪಿಲ್ಲ ಬಿಡಿ. ಅಮೆರಿಕ, ಕೆನಡಾ ಕಡೆ ಸೆಪ್ಟೆಂಬರ್ ದಾಟಿದ್ಮೇಲೆ ಹಗಲು ಚಿಕ್ಕದಾಗುತ್ತೆ, ಚಳಿ ಹಿಡಿಯುತ್ತೆ, ಎಲೇಲಿರೋ ಹಸಿರು ಹೋಗಿ ಹಳದಿ ಕೆಂಪು ಕಾಣುತ್ತೆ, ಆ ಮಕ್ಕಳು ಅದನ್ನ ಕಣ್ಣಾರೆ ನೋಡ್ತಾ ಬರೀತಾರೆ. ನಮ್ಮ ಕಡೆ ಹೊಂಗೆ, ಅರಳಿ ಎಲೆ ಉದುರೋದು ಸಂಕ್ರಾಂತಿ ಕಳೆದ್ಮೇಲೆ. ಆಶ್ವಯುಜ, ಕಾರ್ತೀಕದಲ್ಲಿ ನಿಮ್ಮ ಶಾಲೆ ಕಾಂಪೌಂಡ್ ಆಚೆ ಏನಿರುತ್ತೆ ನೋಡಿ, ತೆನೆ ಬಗ್ಗಿದ ರಾಗಿ, ಅಕ್ಕಡಿ ಸಾಲಲ್ಲಿ, ಅಂದ್ರೆ ರಾಗಿ ನಡುನಡುವೆ ಬಿತ್ತೋ ಸಾಲಲ್ಲಿ ಅವರೆ, ಹಳದಿ ಹೂ ಬಿಟ್ಟ ಹುಚ್ಚೆಳ್ಳು. ಬರವಣಿಗೆ ಅಲ್ಲಿಂದ ಶುರು ಮಾಡ್ಸಿ.

ಮೊದಲನೇ ವಾರ ಏನೂ ಬರೆಸ್ಬೇಡಿ, ಬರೀ ಪದ ತರೋಕೆ ಹೇಳಿ. ಒಬ್ಬೊಬ್ರು ಮನೇಲಿ ಅಜ್ಜಿನೋ ತಾತನೋ ಕೇಳಿ ಕೊಯ್ಲಿಗೆ ಸಂಬಂಧಪಟ್ಟ ಐದು ಪದ ತರ್ಬೇಕು, ಯಾರು ಹೇಳಿದ್ರು ಅನ್ನೋದನ್ನೂ ಬರ್ಕೊಂಡು ಬರ್ಬೇಕು. ಕುಡುಗೋಲು, ಅರಿ, ಹೊರೆ, ಕಣ, ರೋಣಗಲ್ಲು, ಜೊಳ್ಳು ಎಲ್ಲಾ ಬರುತ್ತೆ. ರೇಷ್ಮೆ ಸಾಕೋ ಮನೆ ಮಕ್ಕಳು ಬೇರೇನೇ ತರ್ತಾರೆ, ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ಮುಟ್ಟದೆ ಸುಮ್ನೆ ಇರುತ್ತಲ್ಲ ಅದಕ್ಕೆ ಜ್ವರ ಅಂತಾರೆ, ಒಂದು ಹುಳಕ್ಕೆ ನಾಲ್ಕು ಜ್ವರ, ಈ ಪದ ಬೋರ್ಡ್ ಮೇಲೆ ಬಂದ ದಿನ ಒಂದೇ ಪದಕ್ಕೆ ಎರಡು ಅರ್ಥ ಅನ್ನೋ ಪಾಠ ತಾನಾಗೇ ಆಗೋಗುತ್ತೆ. ನಾನು ಕೋಲಾರದ ಕಡೆ ಇದನ್ನ ಮಾಡ್ಸಿದಾಗ ಹೊಲದಿಂದ ತಂದು ಒಟ್ಟೋ ರಾಶಿಗೆ ಒಬ್ಬಳು ಮೆದೆ ಅಂದ್ಲು, ಪಕ್ಕದ ಊರಿನವನು ಬಣವೆ ಅಂದ, ಎರಡೂ ಒಂದೇನಾ ಬೇರೆನಾ ಅಂತ ಕ್ಲಾಸೆಲ್ಲಾ ವಾದಕ್ಕೆ ಬಿತ್ತು. ನಾನು ಉತ್ತರ ಹೇಳಲಿಲ್ಲ, ಮನೇಲಿ ಕೇಳಿ ಬರ್ಕೊಂಡು ಬನ್ನಿ ಅಂದೆ. ಮಾರನೇ ದಿನ ಬಂದ ಬರಹದಲ್ಲಿ ಒಂದೂ ಒಂದರ ಥರ ಇರಲಿಲ್ಲ. ಆಮೇಲೆ ಆ ಪದಗಳನ್ನೆಲ್ಲ ಅಕಾರಾದಿಯಾಗಿ ಜೋಡ್ಸಿ, ಅರ್ಥ ಮಕ್ಕಳ ಮಾತಲ್ಲೇ ಬರೆಸಿದ್ರೆ ಅದೇ ಕ್ಲಾಸಿನ ನಿಘಂಟು.

ಎರಡನೇದು ಮಳೆ ಡೈರಿ, ನನಗೆ ತುಂಬಾ ಇಷ್ಟದ್ದು. ನಕ್ಷತ್ರದ ಹೆಸರಲ್ಲಿ ಕರೆಯೋ ಮಳೆಗಳು ಹಸ್ತ, ಚಿತ್ತೆ, ಸ್ವಾತಿ, ವಿಶಾಖ, ಒಂದೊಂದು ಮಳೆ 13-14 ದಿನ ಇರುತ್ತೆ, ಸ್ವಾತಿ ಅಕ್ಟೋಬರ್ 24ರ ಆಸುಪಾಸಲ್ಲಿ ಹುಟ್ಟುತ್ತೆ, ಗೋಡೆ ಕ್ಯಾಲೆಂಡರಲ್ಲೇ ಹಾಕಿರ್ತಾರೆ. ದಿನಕ್ಕೊಂದೇ ಸಾಲು ಸಾಕು. ಜೊತೆಗೆ ಮಳೆ ಗಾದೆ ಸೇರಿಸಿ. ‘ಭರಣಿ ಮಳೆ ಸುರಿದ್ರೆ ಧರಣಿಯೆಲ್ಲಾ ಬೆಳೆ’ ಅನ್ನೋದು ಬೇಸಿಗೆ ಮಳೆ ಗಾದೆ, ಆದ್ರೂ ತಗೊಳ್ಳಿ, ಭರಣಿ, ಧರಣಿ ಎರಡರಲ್ಲೂ ಎರಡನೇ ಅಕ್ಷರ ರ, ಹಳಗನ್ನಡ ಪದ್ಯದಲ್ಲಿ ಸಾಲು ಸಾಲಿಗೂ ಬರೋ ಆದಿಪ್ರಾಸ ಇದೇ. ಈಗ ಚಿತ್ತೆಗೆ ಹೊಸ ಗಾದೆ ಕಟ್ಟಿ ಅನ್ನಿ, ಬಿತ್ತಿ, ಮುತ್ತು, ಹೊತ್ತು ಎಲ್ಲಾ ಹುಡುಕ್ಕೊಂಡು ಬರ್ತಾರೆ.

ಒಂದು ವಿಷಯದಲ್ಲಿ ಮಾತ್ರ ಜೋಪಾನ ಮೇಡಂ. ಕೊಯ್ದು ಹಾಕಿರೋ ರಾಗಿ ಮೇಲೆ ಬಿಡದೆ ಮಳೆ ಹುಯ್ದ್ರೆ ತೆನೇಲೇ ಮೊಳಕೆ ಬಂದ್ಬಿಡುತ್ತೆ. ಅಂಥ ವಾರದಲ್ಲಿ ಒಂದು ಡೈರಿಲಿ ‘ಇವತ್ತೂ ಮಳೆ, ಅಪ್ಪ ಊಟ ಮಾಡ್ಲಿಲ್ಲ’ ಅಂತ ಇತ್ತು. ಅದರ ಮೇಲೆ ಕೆಂಪು ಪೆನ್ ಆಡಿಸ್ಬೇಡಿ, ಕಾಗುಣಿತ ತಪ್ಪಿದ್ರೂ ಸರಿ, ಕ್ಲಾಸಲ್ಲಿ ಗಟ್ಟಿಯಾಗಿ ಓದಿಸ್ಲೂಬೇಡಿ, ಆ ಮಗು ತಾನಾಗೇ ಓದ್ತೀನಿ ಅಂದ್ರೆ ಮಾತ್ರ ಓದ್ಲಿ.

8ನೇ ಕ್ಲಾಸಿಗೆ ಚರ್ಚೆ ಇಡಿ, ಟಾರ್ ರಸ್ತೆ ಮೇಲೆ ರಾಗಿ ಹಾಸಿ ಗಾಡಿ ಕೈಲಿ ತುಳಿಸೋದು ಸರಿನಾ ಅಂತ. ಬೈಕ್ ಜಾರಿ ಬೀಳೋದೂ ನಿಜ, ಊರಲ್ಲಿ ಕಣ ಇಲ್ಲದೆ ಹೋಗಿರೋದೂ ನಿಜ. ಚರ್ಚೆ ಮುಗಿದ್ಮೇಲೆ ಊರಿಗೊಂದು ಕಣ ಮಾಡ್ಕೊಡಿ ಅಂತ ಪಂಚಾಯ್ತಿಗೆ ಪತ್ರ ಬರೆಸಿ, ಬರೆಸಿದ್ದನ್ನ ನಿಜವಾಗ್ಲೂ ಕಳಿಸಿ.

ಪ್ರಶ್ನೆ: ನಮ್ಮದು ಬಾಗೇಪಲ್ಲಿ ಕಡೆ. ಅರ್ಧಕ್ಕರ್ಧ ಮಕ್ಕಳ ಮನೆ ಮಾತು ತೆಲುಗು. ಮನೆಯಿಂದ ಪದ ತನ್ನಿ ಅಂದ್ರೆ ತೆಲುಗು ಪದ ತರ್ತಾರೆ, ಕನ್ನಡ ಕ್ಲಾಸಲ್ಲಿ ಅದನ್ನ ಒಪ್ಕೋಬಹುದಾ ಸರ್?
(ಶಿಕ್ಷಕ, ಬಾಗೇಪಲ್ಲಿ)

ಉತ್ತರ: ಧಾರಾಳವಾಗಿ ಒಪ್ಕೊಳ್ಳಿ ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಪಾಠ ಇನ್ನೂ ಚೆನ್ನಾಗಾಗುತ್ತೆ. ಅವರೆ ಸೀಸನ್ ಶುರುವಾದ್ಮೇಲೆ ಕನ್ನಡದ ಮನೇಲಿ ಹಿತಕಿದ ಬೇಳೆ ಸಾರು, ತೆಲುಗು ಮನೇಲಿ ಅದೇ ಪಿತಿಕಿನ ಪಪ್ಪು. ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೀರಿ. ಪಾಲು ಹಾಲು, ಪುಲಿ ಹುಲಿ, ಪಂದಿ ಹಂದಿ, ಪುವ್ವು ಹೂವು ಅಂತ ಮಕ್ಕಳೇ ಸಾಲು ಹಿಡೀತಾರೆ. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪುಲಿ, ಪಂದಿ ಅಂತಾನೇ ಇತ್ತು, ಆಮೇಲೆ ನಾವು ಪಕಾರ ಬಿಟ್ಟು ಹಕಾರ ಹಿಡಿದ್ವಿ, ತೆಲುಗಿನವರು ಅದನ್ನ ಹಾಗೇ ಉಳಿಸ್ಕೊಂಡ್ರು ಅಂತ ಹೇಳಿ. ಈ ಚಾರ್ಟನ್ನ ನವೆಂಬರ್ 1ಕ್ಕೆ ಗೋಡೆಗೆ ಹಾಕಿದ್ರೆ ತೆಲುಗು ಮನೆ ಮಕ್ಕಳಿಗೂ ರಾಜ್ಯೋತ್ಸವ ತಮ್ಮದು ಅನ್ಸುತ್ತೆ. ಹಸ್ತ ಮಳೆ ಪಸ್ತ ಆಗುತ್ತಾ ಸಾರ್ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆಗಲ್ಲ, ಅದು ಸಂಸ್ಕೃತದ ಪದ, ಎರಡು ಕಡೆನೂ ಹಸ್ತನೇ.