ಸಂಪಾದಕರ ಉತ್ತರ: ‘ಪಾರ್ಸೆಲ್ ಎಲ್ಲಿಗೆ ಬಂತು?’

ಪ್ರಿಯ ಸಹೋದರಿ,

ನಿಮ್ಮ ಕಾಗದ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೂ ತಿಳಿಯಲಿ ಎಂದು ವಿಷಯವನ್ನಷ್ಟೇ ಹೇಳುತ್ತೇನೆ. ನೀವು ಸಿದ್ದಾಪುರದ ಕಡೆಯವರು. ಮೂರು ವರ್ಷದಿಂದ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಿದ್ದೀರಿ. ಮಿಡಿಯನ್ನು ಉಪ್ಪಿಗೆ ಹಾಕುವುದರಿಂದ ಹಿಡಿದು ಪಾರ್ಸೆಲ್ ಹೊತ್ತು ಅಂಚೆ ಕಚೇರಿಗೆ ಹೋಗುವವರೆಗೆ ಎಲ್ಲ ನೀವೊಬ್ಬರೇ. ಕಳೆದ ತಿಂಗಳು ಬೆಂಗಳೂರಿನ ಒಬ್ಬರಿಗೆ ಕಳಿಸಿದ ಬಾಟಲಿ ದಾರಿಯಲ್ಲಿ ಸೋರಿತು. ಅವರು ರಾತ್ರಿ ಹನ್ನೊಂದೂವರೆಗೆ ಸಿಟ್ಟಿನಲ್ಲಿ ಬರೆದರು. ನೀವೂ ಸಿಟ್ಟಿನಲ್ಲೇ ಉತ್ತರ ಕೊಟ್ಟಿರಿ. ಮರುದಿನ ಅವರು ನಿಮ್ಮ ಪುಟದಲ್ಲಿ ‘ಮೋಸ’ ಎಂದು ಬರೆದರು. ‘ಅಡುಗೆ ಗೊತ್ತು, ಜನರನ್ನು ಸಂಭಾಳಿಸಲು ಗೊತ್ತಿಲ್ಲ. ಮುಚ್ಚಿಬಿಡಲಾ?’ ಎಂದು ಕೇಳಿದ್ದೀರಿ.

ಮುಚ್ಚಬೇಡಿ.

ಕಾಗದದ ಜೊತೆ ಒಂದು ವಾರದ ಸಂದೇಶಗಳನ್ನೆಲ್ಲ ಬರೆದು ಕಳಿಸಿದ್ದೀರಲ್ಲ, ಅದು ಬಹಳ ಉಪಯೋಗಕ್ಕೆ ಬಂತು. ಕೂತು ಎಣಿಸಿದೆ. ಒಟ್ಟು 46. ಅದರಲ್ಲಿ ದೂರು ಮೂರೇ ಮೂರು. 27 ಸಂದೇಶಗಳು ‘ಯಾವಾಗ ಕಳಿಸ್ತೀರಾ?’, ‘ಪಾರ್ಸೆಲ್ ಎಲ್ಲಿಗೆ ಬಂತು?’ ಎನ್ನುವಂಥವು. ನಿಮ್ಮ ಸುಸ್ತೆಲ್ಲ ಬಂದಿರುವುದು ಈ 27ರಿಂದ. ಸಿಟ್ಟಿನ ಆ ಒಂದು ಸಂದೇಶ ಬರುವ ಹೊತ್ತಿಗೆ ನಿಮ್ಮ ತಾಳ್ಮೆ ಆಗಲೇ ಖಾಲಿಯಾಗಿತ್ತು.

ಅವರ ಕಡೆಯಿಂದಲೂ ನೋಡಿ. ದುಡ್ಡು ಕೊಟ್ಟಾಗಿದೆ. ನಿಮ್ಮ ಮುಖ ನೋಡಿಲ್ಲ. ಹೋಗಿ ನಿಂತು ಕೇಳೋಣ ಎಂದರೆ ಅಂಗಡಿಯ ಬಾಗಿಲೇ ಇಲ್ಲ. ಅಳುಕು ಸಹಜ ಅಲ್ವಾ? ಕೇಳುವ ಮೊದಲೇ ನೀವು ಹೇಳಿಬಿಟ್ಟರೆ ಆ ಅಳುಕು ಹುಟ್ಟುವುದೇ ಇಲ್ಲ. ನಮ್ಮ ಪತ್ರಿಕೆಯ ಆರಂಭದ ದಿನಗಳಲ್ಲಿ ಚಂದಾದಾರರ ‘ಸಂಚಿಕೆ ಬಂದಿಲ್ಲ’ ಕಾಗದಗಳಿಗೆ ಉತ್ತರಿಸುವುದು ನನ್ನದೇ ಕೆಲಸವಾಗಿತ್ತು. ಅಚ್ಚು ತಡವಾಗುವ ತಿಂಗಳು ಮೊದಲೇ ಎಲ್ಲರಿಗೂ ಒಂದೊಂದು ಕಾರ್ಡು ಬರೆದು ಹಾಕತೊಡಗಿದೆವು. ಸಂಚಿಕೆ ಆಗಲೂ ತಡವಾಗಿಯೇ ಹೋಗುತ್ತಿತ್ತು, ಆದರೆ ದೂರಿನ ಕಾಗದಗಳು ಬಹುಮಟ್ಟಿಗೆ ನಿಂತವು.

ಹಾಗಾಗಿ ಆರ್ಡರ್ ಬಂದ ಕೂಡಲೇ ದಿನ ಹೇಳಿ. ‘ಬೇಗ ಕಳಿಸುತ್ತೇನೆ’ ಎನ್ನಬೇಡಿ, ‘ಗುರುವಾರ ಅಂಚೆಗೆ ಹಾಕುತ್ತೇನೆ’ ಎನ್ನಿ. ಹಾಕಿದ ಸಂಜೆಯೇ, ಪಾರ್ಸೆಲ್ ಎಲ್ಲಿದೆ ಎಂದು ನೋಡಿಕೊಳ್ಳುವ ನಂಬರ್ ಕಳಿಸಿ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ಒಟ್ಟು 13 ಅಕ್ಷರ, ಅಂಕಿಗಳ ನಂಬರ್ ಇರುತ್ತದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಯಲ್ಲಿ ಐ, ಎನ್. ನೀವು ರಸೀದಿಯ ಫೋಟೊ ಕಳಿಸುತ್ತಿದ್ದೀರಿ. ಅದು ಮಸುಕಾಗಿರುತ್ತದೆ, ನೋಡಿಕೊಂಡು ಟೈಪ್ ಮಾಡುವಾಗ ಒಂದಂಕಿ ತಪ್ಪಿದರೆ ಪಾರ್ಸೆಲ್ಲೇ ಕಳೆದುಹೋಯಿತು ಎಂದುಕೊಳ್ಳುತ್ತಾರೆ. ನೀವೇ ಟೈಪ್ ಮಾಡಿ ಕಳಿಸಿದರೆ ಅವರು ಕಾಪಿ ಮಾಡಿ ನೋಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗಿ ಎರಡು ದಿನ ಬರದಿರುವುದು ನಿಮಗೆ ಮಾಮೂಲು. ಬೆಂಗಳೂರಿನವರಿಗೆ ಅದು ಗೊತ್ತಿಲ್ಲ. ಜೂನ್ ಶುರುವಾಗುವಾಗಲೇ ಬರೆದು ಹಾಕಿ.

ಈಗ ಸೋರಿದ ಬಾಟಲಿಯ ವಿಚಾರ. ‘ನಾನು ಸರಿಯಾಗೇ ಪ್ಯಾಕ್ ಮಾಡಿದ್ದೆ, ದಾರಿಯಲ್ಲಿ ಆಗಿದ್ದಕ್ಕೆ ನಾನೇನು ಮಾಡಲಿ’ ಎಂದು ನೀವು ಬರೆದಿದ್ದೀರಿ. ಅದು ನಿಜವೇ ಇರಬಹುದು. ಆದರೆ ಮಸಾಲೆ ಮೆತ್ತಿದ ರಟ್ಟಿನ ಡಬ್ಬ ಹಿಡಿದು ನಿಂತವರಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದು ಒಂದೇ ಮಾತು: ‘ಅಯ್ಯೋ, ಹೀಗಾಯ್ತಾ! ಬೇಜಾರಾಯಿತು. ಒಂದು ಫೋಟೊ ಕಳಿಸಿ. ಬೇರೆ ಬಾಟಲಿ ಕಳಿಸಲಾ, ಹಣ ವಾಪಸ್ ಹಾಕಲಾ, ನೀವೇ ಹೇಳಿ.’ ಯಾರ ತಪ್ಪು ಎಂಬ ಲೆಕ್ಕ ಆಮೇಲೆ. ಸೋರಿದ ಬಾಟಲಿಯನ್ನು ತಿರುಗಿ ಕಳಿಸಿ ಎಂದು ಮಾತ್ರ ಕೇಳಬೇಡಿ. ಅರ್ಧ ಕೆಜಿ ಬಾಟಲಿಗೆ 280 ರೂಪಾಯಿ ಎಂದಿದ್ದೀರಿ. ಎರಡು ದಿನದ ಜಗಳ, ಒಂದು ರಾತ್ರಿಯ ನಿದ್ದೆ ಅದಕ್ಕಿಂತ ಜಾಸ್ತಿ ಬೆಲೆಯದು. ಪ್ರತಿ ಬಾಟಲಿಯ ಹಣದಲ್ಲಿ ಹತ್ತು ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತ ಹೋಗಿ. ಸೋರಿದ್ದಕ್ಕೆ, ಒಡೆದಿದ್ದಕ್ಕೆ ಅದರಿಂದ ಕೊಟ್ಟರೆ ಕೈಯಿಂದ ಹೋಯಿತು ಎಂಬ ಸಂಕಟ ಇರುವುದಿಲ್ಲ.

ಸೋರುವುದಕ್ಕೂ ಕಾರಣ ಇದೆ. ನಿಮ್ಮ ಮಿಡಿ ಉಪ್ಪಿನಕಾಯಿಯಲ್ಲಿ ಎಣ್ಣೆ ಇಲ್ಲ, ಉಪ್ಪುನೀರೇ ಮುಖ್ಯ. ಅದು ಒಳಗೊಳಗೇ ಹುದುಗುತ್ತದೆ, ಸೆಕೆಗೆ ಗಾಳಿ ತುಂಬಿ ಮುಚ್ಚಳವನ್ನು ಒತ್ತುತ್ತದೆ. ಕಂಠದವರೆಗೆ ತುಂಬಬೇಡಿ, ಒಂದು ಬೆರಳಷ್ಟು ಜಾಗ ಬಿಡಿ. ಮುಚ್ಚಳ ಹಾಕಿದ ಬಾಟಲಿಯನ್ನು ಒಂದು ರಾತ್ರಿ ಹಳೇ ಪೇಪರ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ಪೇಪರ್ ಸ್ವಲ್ಪವೂ ಒದ್ದೆಯಾಗಿಲ್ಲದಿದ್ದರೆ ಮಾತ್ರ ಪ್ಯಾಕ್ ಮಾಡಿ.

ಎರಡನೇ ದೂರು ‘ತುಂಬಾ ಉಪ್ಪು’ ಎಂಬುದು. ಇಲ್ಲಿ ನಾನು ನಿಮ್ಮ ಪರ. ಗ್ರಾಹಕರೇ ದೇವರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ. ರುಚಿ ಹಿಡಿಸಲಿಲ್ಲ ಎಂದು ಅರ್ಧ ತಿಂದ ಬಾಟಲಿಗೆ ಹಣ ವಾಪಸ್ ಕೊಡಬೇಕಿಲ್ಲ. ಆದರೆ ಎಣ್ಣೆ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಮಿಡಿಯ ಉಪ್ಪು, ಸೊನೆಯ ಪರಿಮಳ ಹೊಸದು. ಫೋಟೊ ಕೆಳಗೆ ‘ಮನೆ ರುಚಿ, ಶುದ್ಧ’ ಎಂದಷ್ಟೇ ಬರೆದರೆ ಅವರಿಗೆ ಏನು ತಿಳಿಯುತ್ತದೆ? ‘ಇದರಲ್ಲಿ ಎಣ್ಣೆ ಇಲ್ಲ, ಉಪ್ಪು ಜಾಸ್ತಿ. ಮೊಸರನ್ನಕ್ಕೆ ಅರ್ಧ ಮಿಡಿ ಸಾಕು’ ಎಂದು ಬರೆಯಿರಿ. ಜೀರಿಗೆ ಮಿಡಿಯೋ, ಅನಂತಭಟ್ಟನ ಅಪ್ಪೆಯೋ, ಯಾವ ತಳಿಯ ಮಿಡಿ ಎಂಬುದನ್ನೂ ಹೇಳಿ. ಮೊದಲ ಸಲ ಕೊಳ್ಳುವವರಿಗೆ ನೂರು ಗ್ರಾಂನ ಸಣ್ಣ ಬಾಟಲಿ ಇಡಿ.

ರಾತ್ರಿ ಸಂದೇಶಗಳಿಗೆ ರಾತ್ರಿಯೇ ಉತ್ತರಿಸಬೇಡಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲಿ ಅಂಗಡಿಯ ಸಮಯ ಹಾಕಬಹುದು, ಆ ಸಮಯದ ಆಚೆ ಬಂದವರಿಗೆ ತಾನಾಗಿಯೇ ಹೋಗುವ ಉತ್ತರ ಬರೆದಿಡಬಹುದು. ನಿಮ್ಮದೇ ಮಾತಲ್ಲಿ ಬರೆಯಿರಿ: ‘ಈ ಅಂಗಡಿ ನಡೆಸುವವಳು ನಾನೊಬ್ಬಳೇ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಉತ್ತರಿಸುತ್ತೇನೆ. ನಿಮ್ಮ ಮಾತು ನಾಳೆ ಮೊದಲು ನೋಡುತ್ತೇನೆ.’ ಒಬ್ಬಳೇ ಎಂದು ಹೇಳಲು ನಾಚಿಕೆ ಬೇಡ, ದೊಡ್ಡ ಕಂಪನಿಯ ಹಾಗೆ ‘ನಮ್ಮ ತಂಡ’ ಎನ್ನುವುದೂ ಬೇಡ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳು ಕೂಡ ದೂರು ತಲುಪಿದೆ ಎಂದು ತಿಳಿಸಲು 48 ಗಂಟೆ, ಬಗೆಹರಿಸಲು ಒಂದು ತಿಂಗಳು ಕೊಡುತ್ತವೆ. ಹನ್ನೊಂದೂವರೆಯ ಸಂದೇಶ ಬೆಳಿಗ್ಗೆ ತನಕ ಖಂಡಿತ ಕಾಯಬಹುದು.

ಇನ್ನೊಂದು ಎಚ್ಚರಿಕೆ, ನೀವು ಕೇಳದಿದ್ದರೂ. ಹಣ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ. ಖಾತೆಗೆ ಬಂದಿದೆಯಾ ನೋಡಿ. ನಕಲಿ ಸ್ಕ್ರೀನ್‌ಶಾಟ್ ಮಾಡುವವರಿದ್ದಾರೆ. ಹಾಗೆಯೇ ಹಣ ಪಡೆಯಲು ಎಂದೂ ಯುಪಿಐ ಪಿನ್ ಬೇಕಾಗುವುದಿಲ್ಲ. ಯಾರಾದರೂ ‘ರಿಫಂಡ್ ತಪ್ಪಿ ಹೋಗಿದೆ, ಪಿನ್ ಒತ್ತಿ’ ಎಂದರೆ ಸುಮ್ನೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಆ ‘ಮೋಸ’ ಎಂಬ ಮಾತು. ಅದನ್ನು ಅಳಿಸಬೇಡಿ. ಅಳಿಸಿದರೆ ಅವರು ಇನ್ನೊಂದು ಕಡೆ ಬರೆಯುತ್ತಾರೆ. ನೋಡಿದವರಿಗೆ ನಂಬಿಕೆ ಬರಲಿ, ನಿಮ್ಮ ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರನ್ನು ಪುಟದ ಮೇಲೂ ಕಾಣುವಂತೆ ಹಾಕಿ. ಆಮೇಲೆ ಇವತ್ತೇ, ಈ ಸಂಚಿಕೆ ಮಡಚಿಟ್ಟ ಕೂಡಲೇ, ಅವರ 280 ರೂಪಾಯಿ ವಾಪಸ್ ಹಾಕಿ, ಅವರು ಬರೆದ ಜಾಗದಲ್ಲೇ ಉತ್ತರಿಸಿ: ‘ಬಾಟಲಿ ಸೋರಿದ್ದು ನಿಜ. ನಾನು ಆ ರಾತ್ರಿ ಒರಟಾಗಿ ಮಾತಾಡಿದ್ದೂ ನಿಜ, ಕ್ಷಮಿಸಿ. ಹಣ ವಾಪಸ್ ಹಾಕಿದ್ದೇನೆ.’ ಅವರು ತಿರುಗಿ ಏನಾದರೂ ಬರೆದರೆ ಫೋನ್ ಮಾಡಿ ಮಾತಾಡಿ. ಏನಾಯಿತು ಎಂದು ನನಗೂ ಒಂದು ಕಾಗದ ಬರೆಯಿರಿ.

— ಸಂಪಾದಕ