ಪಾರ್ಸಿಗಳ ಪುರಾತನ ಧರ್ಮಗ್ರಂಥವಾದ ಅವೆಸ್ತಾದ ‘ಮಜ್ದಾ’ ಪದಕ್ಕೂ ನಮ್ಮ ‘ಮೇಧಾ’ಕ್ಕೂ ಸಂಬಂಧ ಇದೆಯಾ?

ಇದೆ, ತುಂಬಾ ಹತ್ತಿರದ್ದು. ಅವರ ದೇವರಾದ ಅಹುರ ಮಜ್ದಾ ಹೆಸರಿನ ‘ಮಜ್ದಾ’ ಮತ್ತು ಸಂಸ್ಕೃತದ ‘ಮೇಧಾ’ ಒಂದೇ ಮೂಲದವು. ನಾವು ಮೇಧಾವಿ ಅಂತೀವಲ್ಲ, ಅದೇ ಮೇಧಾ. ಮೂಲದಲ್ಲಿ ಎರಡು ತುಂಡುಗಳಿವೆ: ‘ಮನಸ್ಸು’ ಮತ್ತು ‘ಇಡು’. ಅಂದ್ರೆ ಮನಸ್ಸನ್ನು ಒಂದರ ಮೇಲೆ ಇಡುವುದು.

ರೂಪ ಬೇರೆಯಾಗಿದ್ದು ಹೇಗೆ? ಹಳೆಯ ‘ಅಜ಼್’ ಧ್ವನಿ ದ, ಧ ಮುಂದೆ ಬಂದಾಗ ಸಂಸ್ಕೃತದಲ್ಲಿ ‘ಏ’ ಆಯಿತು. ಅವೆಸ್ತಾದಲ್ಲಿ ಹಾಗೇ ಉಳಿಯಿತು, ಮಹಾಪ್ರಾಣ ಮಾತ್ರ ಹೋಯಿತು. ಇದು ಸುಮ್ನೆ ಊಹೆಯಲ್ಲ. ‘ತೀರ ಹತ್ತಿರದ’ ಅನ್ನೋದಕ್ಕೆ ಸಂಸ್ಕೃತದಲ್ಲಿ ನೇದಿಷ್ಠ, ಅವೆಸ್ತಾದಲ್ಲಿ ನಜ್ದಿಶ್ತ. ಹಿಂದಿಯವರ ‘ನಜ್ದೀಕ್’ ಕೂಡ ಪರ್ಶಿಯನ್ ಮೂಲಕ ಬಂದ ಇದೇ ಮನೆಯ ಪದ!

ಇನ್ನು ವ್ಯಾಕರಣ. ‘ಮೇಧಾ’ ಸ್ತ್ರೀಲಿಂಗ, ದೇವರ ಹೆಸರಾದ ‘ಮಜ್ದಾ’ ಪುಲ್ಲಿಂಗ. ದ್ವಿತೀಯಾ ವಿಭಕ್ತಿಯಲ್ಲಿ ‘ಮಜ್ದಾಂ’, ನಮ್ಮ ‘ಮೇಧಾಂ’ ಥರಾನೇ, ಅಲ್ವಾ? ನನಗೆ ಜಾಸ್ತಿ ಇಷ್ಟವಾಗೋದು ಗಾಥೆಗಳ, ಅಂದ್ರೆ ಅವೆಸ್ತಾದ ಅತಿ ಹಳೆಯ ಸ್ತೋತ್ರಗಳ, ಬಳಕೆ. ಅಲ್ಲಿ ಅಹುರ, ಮಜ್ದಾ ಇನ್ನೂ ಬಿಡಿ ಪದಗಳು. ಎಷ್ಟೋ ಕಡೆ ‘ಮಜ್ದಾ ಅಹುರಾ’ ಅಂತ ತಿರುವುಮುರುವಾಗಿ ಬರುತ್ತವೆ, ನಡುವೆ ಬೇರೆ ಪದಗಳೂ ನುಸುಳುತ್ತವೆ. ಮುಂದೆ ಪರ್ಶಿಯಾದ ದೊರೆ ದಾರಯವೌಷನ (ಡೇರಿಯಸ್) ಹಳೆಯ ಪರ್ಶಿಯನ್ ಶಾಸನಗಳಲ್ಲಿ ಎರಡೂ ಬೆಸೆದು ‘ಅಉರಮಜ್ದಾ’ ಆಯಿತು. ವಿಭಕ್ತಿ ಪ್ರತ್ಯಯ ಕೊನೆಯ ತುಂಡಿಗೆ ಮಾತ್ರ ಸೇರತೊಡಗಿತು.